ಬಾಬರ್ ಮಾಡಿದ ಮೇಲೆ ಗಾಡಿ ಕೈಕೊಟ್ಟರೆ: ತೆಗೆದ ಭಾಗಗಳ ಜಾಡು ಹಿಡಿದು ದೋಷ ಹುಡುಕುವ ಬಗೆ

ಬೈಕಿನ ಬೇಡದ ಭಾಗಗಳನ್ನು ಕಿತ್ತು, ಉಳಿದದ್ದನ್ನು ಮೊಟಕು ಮಾಡುವ ಶೈಲಿಗೆ ಬಾಬರ್ ಎನ್ನುತ್ತಾರೆ. ಮೊಟಕಾದ ಮಡ್‌ಗಾರ್ಡ್, ಸ್ಪ್ರಿಂಗ್ ಮೇಲೆ ಕೂತ ಒಂಟಿ ಸೀಟು, ಪುಟ್ಟ ಟ್ಯಾಂಕು, ಮೋಟು ಸೈಲೆನ್ಸರ್. ಕೆಲಸ ಮುಗಿದ ದಿನ ಗುಂಡಿ ಒತ್ತಿದ ಕೂಡಲೇ ಗಾಡಿ ಗುಡುಗಿ ಎದ್ದಿತು, ಮನೆಯವರೆಲ್ಲ ಹೊರಗೆ ಬಂದು ನೋಡಿದರು. ತಾಪತ್ರಯ ಶುರುವಾಗುವುದು ಮೂರನೆಯ ದಿನ. ರಸ್ತೆಯ ಉಬ್ಬು ದಾಟಿದರೆ ಎಂಜಿನ್ ಆಫ್. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣಮಿಣ. ಹ್ಯಾಂಡಲ್ ಎಡಕ್ಕೆ ತಿರುಗಿಸಿದರೆ ಎಂಜಿನ್ನಿನ ವೇಗ ತಾನಾಗಿ ಏರುತ್ತದೆ. ಇಪ್ಪತ್ತು ಕಿಲೋಮೀಟರ್ ಸಲೀಸಾಗಿ ಓಡಿ, ಆಮೇಲೆ ಉಸಿರುಗಟ್ಟಿದಂತೆ ನಿಲ್ಲುತ್ತದೆ. ಹತ್ತು ನಿಮಿಷ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್ ಆಗುತ್ತದೆ.

ಇಂಥ ಗಾಡಿಗಳಲ್ಲಿ ತಪ್ಪು ಎಂಜಿನ್ನಿನ ಒಳಗೇ ಇದ್ದದ್ದು, ನಾನು ಕಂಡಂತೆ, ಬಹಳ ಅಪರೂಪ. ಆದರೂ ಎಲ್ಲರ ಕೈಯೂ ಮೊದಲು ಹೋಗುವುದು ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬುರೇಟರಿಗೆ. ಅದನ್ನು ಬಿಚ್ಚಿ, ತೊಳೆದು, ಮತ್ತೆ ಕೂಡಿಸುತ್ತಾರೆ. ದೋಷ ಇದ್ದಲ್ಲೇ ಇರುತ್ತದೆ. ನಾನು ಹೇಳಬೇಕೆಂದಿರುವುದು ಒಂದೇ ಮಾತು: ಬಾಬರ್ ಮಾಡುವಾಗ ನೀವು ತೆಗೆದುಹಾಕಿದ ಪ್ರತಿಯೊಂದು ಭಾಗವೂ ಎರಡು ಕೆಲಸ ಮಾಡುತ್ತಿತ್ತು. ಒಂದು ಕಣ್ಣಿಗೆ ಕಾಣುವ ಕೆಲಸ, ಇನ್ನೊಂದು ಕಾಣದ ಕೆಲಸ. ಮಡ್‌ಗಾರ್ಡ್ ಕೆಸರು ತಡೆಯುತ್ತಿತ್ತು, ಜೊತೆಗೆ ಹಿಂದಿನ ದೀಪಕ್ಕೆ ಅರ್ಥಿಂಗ್, ಅಂದರೆ ಕರೆಂಟು ಬ್ಯಾಟರಿಗೆ ಮರಳುವ ದಾರಿ, ಕೊಡುತ್ತಿತ್ತು. ಏರ್ ಫಿಲ್ಟರಿನ ಡಬ್ಬಿ ಧೂಳು ತಡೆಯುತ್ತಿತ್ತು, ಜೊತೆಗೆ ಒಳಗೆ ಹೋಗುವ ಗಾಳಿಯನ್ನು ಹದ ಮಾಡುತ್ತಿತ್ತು. ಕಾಣುವ ಕೆಲಸ ಬೇಡವೆಂದು ಭಾಗವನ್ನು ತೆಗೆದಿರಿ. ಕಾಣದ ಕೆಲಸ ಅನಾಥವಾಯಿತು. ದೋಷ ಹುಟ್ಟುವುದು ಅಲ್ಲಿ.

ಈ ಶೈಲಿ ಹುಟ್ಟಿದಾಗ ಈ ತೊಂದರೆ ಇಷ್ಟಿರಲಿಲ್ಲ. ಅಮೆರಿಕದಲ್ಲಿ 1930ರ ದಶಕದಲ್ಲಿ ಸಾಮಾನ್ಯ ಬೈಕುಗಳನ್ನೇ ರೇಸಿಗೆ ಇಳಿಸುವ ಪದ್ಧತಿ ಬೆಳೆದಾಗ, ಸವಾರರು ಭಾರ ಇಳಿಸಲೆಂದು ಮುಂದಿನ ಮಡ್‌ಗಾರ್ಡ್ ಕಿತ್ತು, ಹಿಂದಿನದನ್ನು ಅರ್ಧಕ್ಕೆ ಕತ್ತರಿಸಿದರು. ಎರಡನೆಯ ಮಹಾಯುದ್ಧದಿಂದ ಮರಳಿದ ಯುವಕರು ಅದನ್ನೇ ಊರ ರಸ್ತೆಗೆ ತಂದರು. ಬಾಬರ್ ಎಂಬ ಹೆಸರೇ ಮೊಟಕು ಮಾಡಿದ್ದು ಎಂಬ ಅರ್ಥದಿಂದ ಬಂದದ್ದು. ಮುಂದೆ ಬಂದ ಚಾಪರಿನಲ್ಲಿ ಫ್ರೇಮನ್ನೇ ಕತ್ತರಿಸಿ ಮುಂದಿನ ಚಕ್ರ ಹಿಡಿಯುವ ಫೋರ್ಕನ್ನು ಉದ್ದ ಮಾಡಿದರು; ಬಾಬರಿನಲ್ಲಿ ಫ್ರೇಮ್ ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತದೆ, ಬೇಡದ್ದು ಮಾತ್ರ ಹೋಗುತ್ತದೆ. ಆ ಕಾಲದ ಗಾಡಿಯಲ್ಲಿ 6 ವೋಲ್ಟ್ ಬ್ಯಾಟರಿ, ಬೆರಳೆಣಿಕೆಯ ವೈರುಗಳು ಇದ್ದವು. ಇಂದಿನ ಕ್ರೂಸರ್ ಬೈಕಿನಲ್ಲಿ ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್), ಸೆನ್ಸರುಗಳು, ರಿಲೇಗಳು ಸೀಟಿನ ಕೆಳಗೆ ಕಿಕ್ಕಿರಿದಿವೆ. ಅಷ್ಟೇ ತಗಡು ತೆಗೆದರೂ ಇಂದು ಕಳೆದುಕೊಳ್ಳುವುದು ಹೆಚ್ಚು.

ಮೊದಲು ಪಟ್ಟಿ, ಆಮೇಲೆ ಸ್ಪ್ಯಾನರ್

ಒಂದು ಹಾಳೆ ತೆಗೆದುಕೊಂಡು ಮೂರು ಸಾಲು ಮಾಡಿ: ತೆಗೆದದ್ದು, ಜಾಗ ಬದಲಿಸಿದ್ದು, ಬಣ್ಣ ಬಳಿದದ್ದು. ಮೂರನೆಯ ಸಾಲನ್ನು ಎಲ್ಲರೂ ಮರೆಯುತ್ತಾರೆ. ಅದೇ ಅತಿ ಹೆಚ್ಚು ಕಾಟ ಕೊಡುವುದರಿಂದ ಅದನ್ನು ಬಿಡಬೇಡಿ. ಪಟ್ಟಿ ಮುಗಿದ ಮೇಲೆ ಪ್ರತಿಯೊಂದರ ಎದುರು, ಅದು ಮಾಡುತ್ತಿದ್ದ ಇನ್ನೊಂದು ಕೆಲಸವೇನು ಎಂದು ಕೇಳಿಕೊಳ್ಳಿ. ಉತ್ತರ ಹೊಳೆಯದಿದ್ದರೆ ಕೆಲಸಕ್ಕೆ ಮುಂಚೆ ತೆಗೆದ ಫೋಟೋಗಳನ್ನು ನೋಡಿ: ಆ ಭಾಗಕ್ಕೆ ಯಾವ ವೈರು, ಯಾವ ಪೈಪು, ಯಾವ ಬೋಲ್ಟು ಬಂದು ಸೇರುತ್ತಿತ್ತು? ಫೋಟೋ ಇಲ್ಲವಾದರೆ ಕಂಪನಿಯ ಸರ್ವಿಸ್ ಕೈಪಿಡಿಯ ಚಿತ್ರಗಳೇ ಗತಿ.

ಎರಡನೆಯದಾಗಿ, ದೋಷ ಯಾವಾಗ ಬರುತ್ತದೆ ಎಂಬುದನ್ನು ಬರೆದಿಡಿ. "ಗಾಡಿ ಸರಿಯಿಲ್ಲ" ಎಂಬುದರಿಂದ ಏನೂ ಗೊತ್ತಾಗುವುದಿಲ್ಲ. ಕುಲುಕಾಡಿದಾಗಲೋ, ಹ್ಯಾಂಡಲ್ ತಿರುಗಿದಾಗಲೋ, ಬಿಸಿಯಾದಾಗಲೋ, ಟ್ಯಾಂಕು ಅರ್ಧವಾದಾಗಲೋ, ಆಕ್ಸಿಲರೇಟರ್ ಬಿಟ್ಟಾಗಲೋ? ಈ ಐದರಲ್ಲಿ ಒಂದನ್ನು ಖಚಿತವಾಗಿ ಹೇಳಬಲ್ಲಿರಾದರೆ ಅರ್ಧ ಹುಡುಕಾಟ ಮುಗಿಯಿತು. ಒಮ್ಮೆಗೆ ಒಂದನ್ನೇ ಬದಲಿಸಿ ನೋಡಿ. ಜೆಟ್ಟನ್ನೂ (ಕಾರ್ಬುರೇಟರಿನಲ್ಲಿ ಪೆಟ್ರೋಲನ್ನು ಅಳೆದು ಬಿಡುವ ತೂತಿನ ತಿರುಪು) ಪ್ಲಗ್ಗನ್ನೂ ಒಟ್ಟಿಗೆ ಬದಲಿಸಿದರೆ, ಗಾಡಿ ಸರಿಯಾದರೂ ಯಾವುದರಿಂದ ಸರಿಯಾಯಿತೆಂದು ತಿಳಿಯುವುದಿಲ್ಲ.

ಕರೆಂಟಿನ ದೋಷಗಳು

ಬಾಬರ್ ಗಾಡಿಯ ದೂರುಗಳಲ್ಲಿ ಹೆಚ್ಚಿನವು ಇಲ್ಲಿಯವೇ. ಅದರಲ್ಲೂ ಅರ್ಥಿಂಗ್.

ಲಕ್ಷಣ ಹೀಗಿರುತ್ತದೆ: ಹಿಂದಿನ ದೀಪ ಉರಿಯುತ್ತದೆ. ಬ್ರೇಕ್ ಒತ್ತಿದರೆ ಹೆಚ್ಚು ಬೆಳಗುವ ಬದಲು ಮಂಕಾಗುತ್ತದೆ, ಇಲ್ಲವೇ ಮುಟ್ಟದೇ ಇದ್ದ ಇಂಡಿಕೇಟರ್ ಸಣ್ಣಗೆ ಹೊತ್ತಿಕೊಳ್ಳುತ್ತದೆ. ಬಲ್ಬು ಬದಲಿಸಿದರೂ ಹಾಗೇ. ಕಾರಣವೇನೆಂದರೆ, ದೀಪದಿಂದ ಬ್ಯಾಟರಿಯ ನೆಗೆಟಿವಿಗೆ ಕರೆಂಟು ಮರಳುವ ದಾರಿ ಮುಚ್ಚಿದೆ. ಮರಳಲು ದಾರಿ ಕಾಣದ ಕರೆಂಟು ಪಕ್ಕದ ಬಲ್ಬಿನ ತಂತಿಯ ಮೂಲಕ ನುಸುಳುತ್ತದೆ. ಮೊದಲು ದೀಪದ ಲೋಹದ ಬುಡ ಮಡ್‌ಗಾರ್ಡಿಗೆ, ಮಡ್‌ಗಾರ್ಡ್ ಬೋಲ್ಟುಗಳ ಮೂಲಕ ಫ್ರೇಮಿಗೆ ಮುಟ್ಟಿಕೊಂಡಿತ್ತು. ಈಗ ಮಡ್‌ಗಾರ್ಡ್ ಕತ್ತರಿಸಿ, ಅದಕ್ಕೂ ಫ್ರೇಮಿಗೂ ಪೌಡರ್ ಕೋಟಿಂಗ್ ಮಾಡಿಸಿದ್ದೀರಿ. ಪೌಡರ್ ಕೋಟಿಂಗ್ ಎಂದರೆ ಲೋಹದ ಮೇಲೆ ಕರಗಿಸಿ ಕೂರಿಸಿದ ಪ್ಲಾಸ್ಟಿಕ್ಕಿನ ಪದರ. ಅದು ಕರೆಂಟನ್ನು ಬಿಡುವುದಿಲ್ಲ. ನೋಟಕ್ಕೆ ಬೋಲ್ಟು ಬಿಗಿಯಾಗಿಯೇ ಇದೆ. ಒಳಗೆ ಲೋಹಕ್ಕೆ ಲೋಹ ತಾಗಿಲ್ಲ.

ಪರೀಕ್ಷೆ ಸುಲಭ. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವಿಗೆ, ಕೆಂಪು ಕಡ್ಡಿಯನ್ನು ದೀಪದ ಲೋಹದ ಬುಡಕ್ಕೆ ಒತ್ತಿ. ದೀಪ ಉರಿಯುತ್ತಿರಬೇಕು, ಬ್ರೇಕ್ ಒತ್ತಿರಬೇಕು. ಸರಿಯಾದ ಅರ್ಥಿಂಗ್ ಇದ್ದರೆ ಮೀಟರ್ 0.2 ವೋಲ್ಟಿಗಿಂತ ಕಡಿಮೆ ತೋರಿಸುತ್ತದೆ. ಒಂದು, ಎರಡು, ಮೂರು ವೋಲ್ಟ್ ಕಂಡರೆ ಆ ಜಾಗದಲ್ಲೇ ದೋಷ. ದೀಪ ಆರಿಸಿ ಓಮ್ ಅಳತೆ ಮಾಡಿದರೆ ಈ ದೋಷ ಎಷ್ಟೋ ಸಲ ಸಿಗುವುದಿಲ್ಲ: ಒಂದೇ ಎಳೆ ತಾಗಿದ್ದರೂ ಮೀಟರ್ ಸೊನ್ನೆ ತೋರಿಸುತ್ತದೆ, ಭಾರ ಬಿದ್ದಾಗ ಆ ಎಳೆ ಸಾಲುವುದಿಲ್ಲ. ಹಾಗಾಗಿ ದೀಪ ಉರಿಯುವಾಗಲೇ ಅಳೆಯಬೇಕು.

ಪರಿಹಾರವೆಂದು ಕೋಟಿಂಗನ್ನು ಕೆರೆದು ಬೋಲ್ಟು ಬಿಗಿದರೆ ಮೊದಲ ಮಳೆಗಾಲದವರೆಗೆ ಸರಿ; ಕೆರೆದ ಜಾಗಕ್ಕೆ ತುಕ್ಕು ಹಿಡಿದರೆ ಮತ್ತೆ ಅದೇ ಕಥೆ. ದೀಪದ ಬುಡದಿಂದ ಬ್ಯಾಟರಿಯ ನೆಗೆಟಿವಿಗೇ ಒಂದು ಪ್ರತ್ಯೇಕ ವೈರು ಎಳೆಯಿರಿ. ಎಂಜಿನ್ನಿನಿಂದ ಬ್ಯಾಟರಿಗೆ ಹೋಗುವ ದಪ್ಪ ಅರ್ಥಿಂಗ್ ಕೇಬಲ್ಲಿನ ಬೋಲ್ಟನ್ನೂ ಇದೇ ರೀತಿ ಅಳೆಯಿರಿ. ಸ್ಟಾರ್ಟರ್ ಒತ್ತಿದಾಗ ಬರೀ ಟಕ್ ಎಂದು ನಿಲ್ಲುವ ಗಾಡಿಗಳಲ್ಲಿ ಹೊಸ ಬ್ಯಾಟರಿ ಕೊಳ್ಳುವ ಮುಂಚೆ ನೋಡಬೇಕಾದ ಜಾಗ ಅದು. ಅಲ್ಲಿ ಮಾತ್ರ ಬಣ್ಣವನ್ನು ಬುಡದವರೆಗೆ ಕೆರೆದು ಲೋಹ ಹೊಳೆಯುವಂತೆ ಮಾಡಿ, ಬಿಗಿದ ಮೇಲೆ ಗ್ರೀಸ್ ಸವರಬೇಕು.

ಇನ್ನು ಉಬ್ಬು ದಾಟಿದರೆ ಆಫ್ ಆಗುವ ದೋಷ. ಇದು ನನ್ನ ಗಾಡಿಯಲ್ಲೇ ಆದದ್ದು. ಸ್ಪ್ರಿಂಗ್ ಸೀಟು ಹಾಕಿ ನಾಲ್ಕು ದಿನ ಆಗಿತ್ತು. ನಯವಾದ ರಸ್ತೆಯಲ್ಲಿ ಏನೂ ಇಲ್ಲ. ಉಬ್ಬಿನ ಮೇಲೆ ಕ್ಷಣಕಾಲ ಎಂಜಿನ್ ಸತ್ತು ಮತ್ತೆ ಬದುಕುತ್ತಿತ್ತು. ಕಾರ್ಬುರೇಟರಿನ ಫ್ಲೋಟ್ ಎಂದುಕೊಂಡು ಎರಡು ದಿನ ಅದರಲ್ಲೇ ಕಳೆದೆ. ಮೂರನೆಯ ದಿನ ಸೀಟು ಬಿಚ್ಚಿ ಮಗುಚಿ ನೋಡಿದೆ. ಸೀಟಿನ ಅಡಿಯ ಕಪ್ಪು ತಗಡಿನ ಮೇಲೆ ಕಡಲೆಕಾಳಿನಷ್ಟು ಜಾಗದಲ್ಲಿ ಬಣ್ಣ ಸುಟ್ಟುಹೋಗಿ, ನಡುವೆ ಲೋಹ ಕರಗಿ ಗುಳಿ ಬಿದ್ದಿತ್ತು; ಸುತ್ತ ನೀಲಿ ಉಂಗುರ. ಅದರ ನೇರ ಕೆಳಗೆ ಬ್ಯಾಟರಿಯ ಪಾಸಿಟಿವಿನಿಂದ ಫ್ಯೂಸಿಗೂ, ಅಲ್ಲಿಂದ ಎಲ್ಲ ಕಡೆಗೂ ಹೋಗುವ ವೈರಿನ ಬೋಲ್ಟು. ಸ್ಪ್ರಿಂಗುಗಳು ಪೂರ್ತಿ ಒತ್ತಿಕೊಂಡಾಗ ತಗಡು ಆ ಬೋಲ್ಟಿಗೆ ತಾಗುತ್ತಿತ್ತು, ಗಾಡಿಯ ಕರೆಂಟೆಲ್ಲ ಕ್ಷಣಕಾಲ ಫ್ರೇಮಿಗೆ ಹರಿಯುತ್ತಿತ್ತು. ಬ್ಯಾಟರಿಯ ಮೇಲೆಯೇ, ಟ್ಯಾಂಕಿನ ಪಕ್ಕದಲ್ಲೇ ಕಿಡಿ. ಆ ಗುಳಿಯನ್ನು ಬೆರಳಲ್ಲಿ ಮುಟ್ಟಿ ನೋಡಿದಾಗ ಮೈ ನಡುಗಿತ್ತು.

ಹಳೆಯ ಸೀಟು ಕೂರಲು ಮಾತ್ರವಲ್ಲ, ಬ್ಯಾಟರಿಗೆ ಮುಚ್ಚಳವೂ ಆಗಿತ್ತು. ಅದರ ಬುಡ ಪ್ಲಾಸ್ಟಿಕ್ಕಿನದು, ಕೆಳಗೆ ಇಳಿಯುತ್ತಲೂ ಇರಲಿಲ್ಲ. ಹೊಸ ಸೀಟು ಹಾಕಿದವರು ತಪ್ಪದೇ ಮಾಡಬೇಕಾದ ಪರೀಕ್ಷೆ ಇದು: ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಬೋಲ್ಟುಗಳ ತಲೆಯ ಮೇಲೆ, ಸೀಟಿನ ಕೆಳಗಿರುವ ಎತ್ತರದ ಭಾಗಗಳ ಮೇಲೆ ಮಕ್ಕಳು ಆಡುವ ಮೆತ್ತನೆಯ ಜೇಡಿಮಣ್ಣಿನ ಉಂಡೆಗಳನ್ನು ಇಡಿ. ಸೀಟು ಕೂರಿಸಿ, ಭಾರವಾದ ಇಬ್ಬರನ್ನು ಸರದಿಯಂತೆ ಒಬ್ಬೊಬ್ಬರನ್ನಾಗಿ ಕೂರಿಸಿ ಜೋರಾಗಿ ಒತ್ತಿಸಿ. ಬಿಚ್ಚಿ ನೋಡಿದಾಗ ಉಂಡೆ ಎಷ್ಟು ದಪ್ಪ ಉಳಿದಿದೆಯೋ ಅಷ್ಟೇ ನಿಮ್ಮ ಅಂತರ. ನಾನು 15 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಒಪ್ಪುವುದಿಲ್ಲ. ಅಂತರ ಸಾಕಷ್ಟಿದ್ದರೂ ಪಾಸಿಟಿವ್ ಬೋಲ್ಟಿಗೆ ರಬ್ಬರ್ ಟೋಪಿ ಇರಲೇಬೇಕು.

ಗಾಡಿ ಸ್ಟಾರ್ಟೇ ಆಗುತ್ತಿಲ್ಲ ಅಥವಾ ಸ್ಟಾರ್ಟ್ ಆಗಿ ಕ್ಷಣದಲ್ಲೇ ಆಫ್ ಆಗುತ್ತಿದೆ, ಫ್ಯೂಸುಗಳೆಲ್ಲ ಸರಿಯಿವೆ ಎಂದಾದರೆ, ಓರೆ ಸೆನ್ಸರನ್ನು ನೆನಪಿಸಿಕೊಳ್ಳಿ. ಗಾಡಿ ಬಿದ್ದಾಗ ಎಂಜಿನ್ ಆಫ್ ಮಾಡುವ ಈ ಚಿಕ್ಕ ಡಬ್ಬಿಯನ್ನು ಜಾಗ ಸಾಲದೆಂದು ಅಡ್ಡಲಾಗಿ ಟೇಪು ಸುತ್ತಿ ತುರುಕಿರುತ್ತಾರೆ. ಅಡ್ಡ ಮಲಗಿದ ಸೆನ್ಸರಿನ ಲೆಕ್ಕದಲ್ಲಿ ಗಾಡಿ ನೆಲಕ್ಕೆ ಬಿದ್ದಿದೆ. ಕಂಪನಿ ಇಟ್ಟಿದ್ದ ದಿಕ್ಕಿನಲ್ಲೇ, ಅಲುಗಾಡದಂತೆ, ಗಟ್ಟಿಯಾಗಿ ಕೂರಿಸಬೇಕು. ಹಲವು ಸೆನ್ಸರುಗಳ ಮೇಲೆ ಮೇಲ್ಮುಖವೆಂದು ಗುರುತಿರುತ್ತದೆ. ಸೈಡ್ ಸ್ಟ್ಯಾಂಡಿನ ಸ್ವಿಚ್ ಮತ್ತು ಕ್ಲಚ್ ಸ್ವಿಚ್ಚಿನ ವೈರುಗಳನ್ನು ಕತ್ತರಿಸಿ ಬಿಟ್ಟಿದ್ದರೂ ಇದೇ ಲಕ್ಷಣ. ಆ ಸ್ವಿಚ್ಚುಗಳನ್ನು ಜೋಡಿಸಿ ದಾಟಿಸಿಬಿಡುವ ಉಪಾಯವನ್ನು ನಾನು ಹೇಳಿಕೊಡುವುದಿಲ್ಲ. ಸ್ಟ್ಯಾಂಡ್ ಕೆಳಗಿರುವಾಗಲೇ ತಿರುವಿಗೆ ವಾಲಿದ ಗಾಡಿ ಸವಾರನನ್ನು ಎತ್ತಿ ಒಗೆಯುತ್ತದೆ.

ಎಲ್‌ಇಡಿ ಇಂಡಿಕೇಟರುಗಳ ದೋಷ ಎರಡು ಬಗೆಯದು, ಎರಡಕ್ಕೂ ಹೆದರಬೇಕಿಲ್ಲ. ಮಿತಿಮೀರಿದ ವೇಗದಲ್ಲಿ ಮಿಟುಕುತ್ತಿದ್ದರೆ ಕಾರಣ ಇದು: 21 ವ್ಯಾಟಿನ ಹಳೆಯ ಬಲ್ಬು ಸುಮಾರು 1.75 ಆಂಪಿಯರ್ ಎಳೆಯುತ್ತಿತ್ತು, ಎಲ್‌ಇಡಿ ಅದರ ಚೂರುಪಾರು ಮಾತ್ರ ಎಳೆಯುತ್ತದೆ. ಬಲ್ಬು ಹೋಗಿದೆಯೆಂದು ಇಂಡಿಕೇಟರನ್ನು ಮಿಟುಕಿಸುವ ಫ್ಲ್ಯಾಷರ್ ತಿಳಿಯುತ್ತದೆ. ಎಲ್‌ಇಡಿಗೆಂದೇ ಬರುವ ಫ್ಲ್ಯಾಷರ್ ಹಾಕಿ. ರೆಸಿಸ್ಟರ್ ಹಾಕುವ ದಾರಿಯೂ ಇದೆ, ಆದರೆ ಅದು ಮುಟ್ಟಲಾಗದಷ್ಟು ಬಿಸಿಯಾಗುತ್ತದೆ, ಸೀಟಿನ ಕೆಳಗಿನ ಇಕ್ಕಟ್ಟಿಗೆ ಅದು ಹೇಳಿಸಿದ್ದಲ್ಲ. ಎಡಕ್ಕೆ ಹಾಕಿದರೆ ನಾಲ್ಕೂ ಮಿಟುಕುತ್ತಿದ್ದರೆ, ಮೀಟರಿನಲ್ಲಿ ಎಡಬಲ ಎರಡಕ್ಕೂ ಸೇರಿ ಒಂದೇ ಸೂಚಕ ದೀಪವಿದೆ. ಅದರ ಮೂಲಕ ಕರೆಂಟು ಇನ್ನೊಂದು ಬದಿಗೆ ದಾಟುತ್ತಿದೆ. ಎಡದ ವೈರಿಗೊಂದು, ಬಲದ ವೈರಿಗೊಂದು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಹಾಕಿ, ಎರಡನ್ನೂ ಸೂಚಕ ದೀಪದ ಒಂದು ತುದಿಗೆ ಸೇರಿಸಿ, ಇನ್ನೊಂದು ತುದಿಯನ್ನು ಅರ್ಥಿಂಗಿಗೆ ಕೊಡಿ.

ಬ್ಯಾಟರಿ ಪದೇ ಪದೇ ಇಳಿಯುತ್ತಿದ್ದರೆ ಚಾರ್ಜಿಂಗ್ ಅಳೆಯಿರಿ. ರಾತ್ರಿಯಿಡೀ ನಿಂತ ಸೀಸ-ಆಮ್ಲ ಬ್ಯಾಟರಿ 12.6ರಿಂದ 12.8 ವೋಲ್ಟ್ ತೋರಿಸಬೇಕು. ಎಂಜಿನ್ ನಿಮಿಷಕ್ಕೆ 3000ದಿಂದ 4000 ಸುತ್ತಿನಲ್ಲಿರುವಾಗ 13.8ರಿಂದ 14.5ರ ನಡುವೆ ನಿಲ್ಲಬೇಕು. 13ಕ್ಕಿಂತ ಮೇಲೇಳದಿದ್ದರೆ ಚಾರ್ಜ್ ಆಗುತ್ತಿಲ್ಲ; 15 ದಾಟಿದರೆ ಚಾರ್ಜಿಂಗನ್ನು ಹದದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿಯನ್ನು ಬೇಯಿಸುತ್ತಿದೆ. ರೆಗ್ಯುಲೇಟರಿನ ಮೈಮೇಲಿನ ಸಾಲು ಸಾಲು ರೆಕ್ಕೆಗಳು ಇರುವುದು ಶಾಖ ಬಿಡಲೆಂದು. ಕಂಪನಿ ಅದನ್ನು ಗಾಳಿ ಬೀಸುವ ಕಡೆ ಇಟ್ಟಿತ್ತು; ನೋಟ ಕೆಡುತ್ತದೆಂದು ಅದನ್ನು ಬ್ಯಾಟರಿ ಡಬ್ಬಿಯ ಹಿಂದೆ ಬಚ್ಚಿಟ್ಟರೆ ಕೆಲವೇ ತಿಂಗಳಲ್ಲಿ ಸುಟ್ಟುಹೋಗಬಹುದು. ಹೊಸದು ಹಾಕುವ ಮುಂಚೆ ಎಂಜಿನ್ನಿನಲ್ಲಿ ಕರೆಂಟು ಹುಟ್ಟಿಸುವ ಸುರುಳಿಯಾದ ಸ್ಟೇಟರನ್ನೂ ನೋಡಿಬಿಡಿ: ಕನೆಕ್ಟರ್ ಬಿಚ್ಚಿ, ಎಂಜಿನ್ ಓಡುವಾಗ ಅದರ ಮೂರು ವೈರುಗಳನ್ನು ಎರಡೆರಡಾಗಿ ಎಸಿ ವೋಲ್ಟಿನಲ್ಲಿ ಅಳೆದರೆ ಮೂರು ಜೋಡಿಗಳೂ ಹೆಚ್ಚುಕಡಿಮೆ ಒಂದೇ ಅಂಕಿ ಕೊಡಬೇಕು. ಎಂಜಿನ್ ನಿಲ್ಲಿಸಿದಾಗ ಆ ಮೂರರಲ್ಲಿ ಯಾವುದಕ್ಕೂ ಎಂಜಿನ್ನಿನ ಮೈಗೂ ಸಂಪರ್ಕ ಇರಕೂಡದು.

ಫ್ರೇಮಿಗೆ ವೆಲ್ಡಿಂಗ್ ಮಾಡಿಸಿದ ನಂತರವೇ ಇಸಿಯು ಅಥವಾ ರೆಗ್ಯುಲೇಟರ್ ಸತ್ತಿದ್ದರೆ ಕಾರಣ ಹುಡುಕಬೇಕಿಲ್ಲ. ಬ್ಯಾಟರಿಯನ್ನೂ ಇಸಿಯು ಕನೆಕ್ಟರನ್ನೂ ಬಿಚ್ಚದೆ ವೆಲ್ಡಿಂಗ್ ಮಾಡಿದ್ದಾರೆ.

ಪೆಟ್ರೋಲು, ಗಾಳಿ, ಹೊಗೆ

ಏರ್ ಡಬ್ಬಿ ತೆಗೆದು ಕೋನಾಕಾರದ ಫಿಲ್ಟರ್ ಹಾಕಿದಾಗ, ಸೈಲೆನ್ಸರ್ ಮೊಟಕು ಮಾಡಿದಾಗ ಎಂಜಿನ್ನಿಗೆ ಗಾಳಿ ಹೆಚ್ಚು ಹೋಗುತ್ತದೆ, ಪೆಟ್ರೋಲು ಮೊದಲಿನಷ್ಟೇ. ಮಿಶ್ರಣ ತೆಳುವಾಗುತ್ತದೆ. ಬೆಳಗ್ಗೆ ಚೋಕ್ ಎಳೆಯದೆ ಎಂಜಿನ್ ಓಡುತ್ತಾ ಉಳಿಯುವುದೇ ಇಲ್ಲ. ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಪಟ. ಪೈಪಿನ ಕತ್ತು ಬೇಗ ನೀಲಿಗೆ ತಿರುಗುತ್ತದೆ. ಎಂಜಿನ್ ಅತಿಯಾಗಿ ಬಿಸಿ. ಇದನ್ನು ಒಂದು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬಹುದು. ಕಾರ್ಬುರೇಟರ್ ಗಾಡಿ ಮುಗ್ಗರಿಸುವ ವೇಗದಲ್ಲಿ ಓಡುತ್ತಿರುವಾಗ ಚೋಕನ್ನು ಅರ್ಧ ಎಳೆಯಿರಿ. ಓಟ ಸುಧಾರಿಸಿದರೆ ಮಿಶ್ರಣ ತೆಳು, ಇನ್ನಷ್ಟು ಕೆಟ್ಟರೆ ಗಟ್ಟಿ. ತೆಳುವೆಂದು ಗೊತ್ತಾದರೆ, ಯಾವ ಹಂತದಲ್ಲಿ ತೆಳುವೆಂದು ನೋಡಿ: ಐಡ್ಲಿಂಗಿನಲ್ಲಿ (ಆಕ್ಸಿಲರೇಟರ್ ಮುಟ್ಟದಿರುವಾಗ) ತೊಂದರೆಯಾದರೆ ಪೈಲಟ್ ಜೆಟ್, ನಡುವಿನಲ್ಲಾದರೆ ಸೂಜಿಯ ಎತ್ತರ, ಪೂರ್ತಿ ತಿರುವಿದಾಗ ಆದರೆ ಮೇನ್ ಜೆಟ್. ಮೇನ್ ಜೆಟ್ ಒಂದನ್ನೇ ದೊಡ್ಡದು ಮಾಡಿ ಐಡ್ಲಿಂಗ್ ಸರಿಯಾಗಲೆಂದು ಕಾಯುವವರು ಬಹಳ. ಅದು ಆಗುವ ಮಾತಲ್ಲ.

ಜೆಟ್ಟಿಗೆ ಕೈಹಾಕುವ ಮುಂಚೆ ಸೋರಿಕೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಕಾರ್ಬುರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಕೊಳವೆಯ ಸುತ್ತ ನೀರಿನ ತುಂತುರು ಸಿಂಪಡಿಸಿ. ಐಡ್ಲಿಂಗ್ ಸದ್ದು ಬದಲಾದರೆ ಅಲ್ಲಿ ಗಾಳಿ ನುಗ್ಗುತ್ತಿದೆ. ಏರ್ ಡಬ್ಬಿಯ ಕಾಣದ ಕೆಲಸಗಳಲ್ಲಿ ಇದೂ ಒಂದು: ಎಷ್ಟೋ ಗಾಡಿಗಳಲ್ಲಿ ಅದು ಕಾರ್ಬುರೇಟರಿನ ಭಾರವನ್ನು ಹಿಂದಿನಿಂದ ಹಿಡಿದಿರುತ್ತದೆ. ಡಬ್ಬಿ ಹೋದ ಮೇಲೆ ಪೂರ್ತಿ ಭಾರ ರಬ್ಬರ್ ಕೊಳವೆಯ ಮೇಲೆ ಜೋತುಬಿದ್ದು ಅದು ಸೀಳುತ್ತದೆ. ಒಂದು ಆಸರೆಯ ಪಟ್ಟಿ ಮಾಡಿಸಿ.

ಸೈಲೆನ್ಸರಿನ ಪಟಪಟಕ್ಕೆ ಪೈಪಿನ ಜೋಡಣೆಯ ಸೋರಿಕೆಯೂ ಕಾರಣ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಸಿಲಿಂಡರಿಗೆ ಪೈಪು ಸೇರುವ ಜಾಗಕ್ಕೆ ಸಾಬೂನು ನೀರು ಸವರಿ ನೋಡಿ, ಗುಳ್ಳೆ ಏಳುತ್ತದೆ. ಫ್ಯೂಯಲ್ ಇಂಜೆಕ್ಷನ್ ಗಾಡಿಯಲ್ಲಿ ಇದು ಇನ್ನೂ ಮೋಸಗಾರ: ಆಕ್ಸಿಜನ್ ಸೆನ್ಸರಿಗೆ ಮುಂಚೆ ಹೊರಗಿನ ಗಾಳಿ ಪೈಪಿನೊಳಗೆ ಸೇರಿದರೆ, ಮಿಶ್ರಣ ತೆಳುವಾಗಿದೆಯೆಂದು ಸೆನ್ಸರ್ ಸುಳ್ಳು ಹೇಳುತ್ತದೆ, ಇಸಿಯು ಪೆಟ್ರೋಲು ಸುರಿಯುತ್ತದೆ. ಪ್ಲಗ್ಗಿನ ಮೇಲೆ ಮಸಿ, ಮೈಲೇಜ್ ಕುಸಿತ, ಆದರೆ ಪಟಪಟವೂ ಇದೆ. ಇವು ಒಟ್ಟಿಗೆ ಕಂಡರೆ ಗ್ಯಾಸ್ಕೆಟ್ ನೋಡಿ.

ಇಪ್ಪತ್ತು ಕಿಲೋಮೀಟರ್ ಓಡಿ ಉಸಿರುಗಟ್ಟುವ ಗಾಡಿಯ ದೋಷ ಬಹುಪಾಲು ಟ್ಯಾಂಕಿನ ಮುಚ್ಚಳದಲ್ಲಿ. ಪೆಟ್ರೋಲು ಕೆಳಗಿಳಿದಷ್ಟೂ ಗಾಳಿ ಒಳಗೆ ಬರಬೇಕು. ಹೊಸ ಚಂದದ ಮುಚ್ಚಳಕ್ಕೆ ಗಾಳಿಕಂಡಿ ಇಲ್ಲ, ಅಥವಾ ಇದ್ದ ಕಂಡಿಯನ್ನು ಬಣ್ಣ ಮುಚ್ಚಿದೆ. ಗಾಡಿ ನಿಂತ ಕೂಡಲೇ ಮುಚ್ಚಳ ತೆರೆಯಿರಿ: ಉಸ್ಸೆಂದು ಗಾಳಿ ಒಳಗೆ ನುಗ್ಗಿದ ಸದ್ದು ಕೇಳಿ, ಒಂದು ನಿಮಿಷದಲ್ಲಿ ಗಾಡಿ ಸ್ಟಾರ್ಟ್ ಆದರೆ ಬೇರೆ ಸಾಕ್ಷಿ ಬೇಡ. ಸದ್ದು ಕೇಳದಿದ್ದರೆ ಟ್ಯಾಂಕಿನ ಎತ್ತರ ನೋಡಿ. ಪಂಪಿಲ್ಲದ ಗಾಡಿಯಲ್ಲಿ ಪೆಟ್ರೋಲು ತನ್ನ ಭಾರದಿಂದಲೇ ಇಳಿಯಬೇಕು. ಟ್ಯಾಂಕನ್ನು ಫ್ರೇಮಿಗೆ ಅಂಟಿದಂತೆ ತಗ್ಗಿಸಿದರೆ ಅದರ ತಳ ಕಾರ್ಬುರೇಟರಿನ ಮಟ್ಟಕ್ಕೆ ಇಳಿದು, ಅರ್ಧ ಟ್ಯಾಂಕ್ ಇರುವಾಗಲೇ ಹರಿವು ನಿಲ್ಲುತ್ತದೆ. ಎಂಜಿನ್ ತಣ್ಣಗಿರುವಾಗ, ಬಯಲಿನಲ್ಲಿ, ಪೈಪು ಬಿಚ್ಚಿ ಸೀಸೆಗೆ ಬಿಟ್ಟು ನೋಡಿ. ಆರಂಭದಲ್ಲಿ ಧಾರೆ, ಎರಡು ನಿಮಿಷಕ್ಕೆ ದಾರ, ಆಮೇಲೆ ಹನಿ ಎಂದಾದರೆ ಮುಚ್ಚಳ. ಮೊದಲಿನಿಂದಲೂ ದಾರದಂತೆಯೇ ಇದ್ದರೆ ಎತ್ತರ, ಕಾಕ್ (ಟ್ಯಾಂಕಿನ ನಲ್ಲಿ) ಅಥವಾ ಮಡಚಿಕೊಂಡ ಪೈಪು.

ಹ್ಯಾಂಡಲ್ ಮತ್ತು ಮುಂಭಾಗ

ಹ್ಯಾಂಡಲ್ ಬದಲಿಸಿದ ಗಾಡಿಯನ್ನು ರಸ್ತೆಗೆ ಇಳಿಸುವ ಮುಂಚೆ, ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಲು ಬಿಟ್ಟು ಹ್ಯಾಂಡಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ತಿರುಗಿಸಿ. ವೇಗ ಏರಿದರೆ ಆಕ್ಸಿಲರೇಟರ್ ಕೇಬಲ್ ಗಿಡ್ಡವಾಗಿದೆ ಅಥವಾ ಬಿಗಿಯಾಗಿ ಸುತ್ತಿದೆ. ಯೂಟರ್ನ್ ತೆಗೆಯುವಾಗ ಗಾಡಿ ತಾನಾಗಿ ಮುನ್ನುಗ್ಗುವುದು ಇದರಿಂದಲೇ, ಇದಿದ್ದರೆ ಆ ಗಾಡಿ ಓಡಿಸಬೇಡಿ. ತಿರುಗಿಸಿದಾಗ ಎಂಜಿನ್ ಸತ್ತರೆ ಅಥವಾ ದೀಪ ಆರಿದರೆ ವೈರು ಎಳೆಯುತ್ತಿದೆ. ಹ್ಯಾಂಡಲಿನ ಒಳಗಿಂದ ವೈರು ಹಾಯಿಸಿದ್ದರೆ ಕೊರೆದ ತೂತಿನ ಅಂಚು ಮೊದಲ ಶಂಕಿತ. ಅಲ್ಲಿ ರಬ್ಬರ್ ಉಂಗುರ ಇಲ್ಲದಿದ್ದರೆ ಕಂಪನಕ್ಕೆ ವೈರಿನ ಮೈ ಗರಗಸಕ್ಕೆ ಸಿಕ್ಕಂತೆ ಸವೆಯುತ್ತದೆ.

ಬ್ರೇಕ್ ಲಿವರ್ ಮೆತ್ತಗಾಗಿದ್ದರೆ ಒಳಗೆ ಗಾಳಿ ಇದೆ. ಎಷ್ಟು ಸಲ ಬ್ಲೀಡಿಂಗ್ (ಬ್ರೇಕ್ ಎಣ್ಣೆಯೊಳಗಿನ ಗಾಳಿ ಹೊರಬಿಡುವುದು) ಮಾಡಿದರೂ ಹೋಗದಿದ್ದರೆ, ಹೊಸ ಹ್ಯಾಂಡಲಿನಿಂದಾಗಿ ಲಿವರಿನ ಪಕ್ಕದ ಎಣ್ಣೆಯ ಮಾಸ್ಟರ್ ಸಿಲಿಂಡರ್ ವಾಲಿ, ಪೈಪು ಸೇರುವ ಜಾಗವೇ ಎಲ್ಲಕ್ಕಿಂತ ಎತ್ತರವಾಗಿದೆ. ಹ್ಯಾಂಡಲನ್ನು ತಿರುಗಿಸಿ ಆ ಜಾಗವನ್ನು ತಗ್ಗಿಸಿ ಬ್ಲೀಡಿಂಗ್ ಮಾಡಿ. ಪೈಪಿನ ಬೋಲ್ಟಿನ ತಾಮ್ರದ ವಾಷರುಗಳನ್ನು ಪ್ರತಿ ಸಲವೂ ಹೊಸದು ಹಾಕಬೇಕು.

ಮುಂದಿನ ಮಡ್‌ಗಾರ್ಡ್ ಕಿತ್ತ ಮೇಲೆ ಗಾಡಿ ತಿರುವಿನಲ್ಲಿ ಓಲಾಡುತ್ತದೆ, ಬ್ರೇಕ್ ಹಿಡಿದರೆ ಒಂದು ಬದಿಗೆ ಎಳೆಯುತ್ತದೆ ಎಂಬ ದೂರು ನನಗೆ ಬಹಳ ಮುಖ್ಯವೆನಿಸುತ್ತದೆ, ಏಕೆಂದರೆ ಇದರಲ್ಲಿ ಜೀವದ ಪ್ರಶ್ನೆ ಇದೆ. ಎಷ್ಟೋ ಗಾಡಿಗಳಲ್ಲಿ ಆ ಮಡ್‌ಗಾರ್ಡಿನ ಒಳಗಿನ ಉಕ್ಕಿನ ಕಮಾನು ಫೋರ್ಕಿನ ಎರಡು ಕಾಲುಗಳನ್ನು ಒಂದಕ್ಕೊಂದು ಕಟ್ಟಿಹಾಕಿರುತ್ತದೆ. ಅದು ಹೋದರೆ ಕಾಲುಗಳು ಬೇರೆ ಬೇರೆಯಾಗಿ ತಿರುಚಿಕೊಳ್ಳುತ್ತವೆ. ಮಡ್‌ಗಾರ್ಡ್ ಬೇಡವಾದರೆ ಬೇಡ. ಆ ಕಮಾನನ್ನಾದರೂ ಉಳಿಸಿಕೊಳ್ಳಿ, ಇಲ್ಲವೇ ಫೋರ್ಕ್ ಬ್ರೇಸ್ ಹಾಕಿಸಿ. ಹಾಕಿದ ಮೇಲೂ ಓಲಾಟ ಉಳಿದರೆ ಟೈರಿನ ಗಾಳಿ, ಸ್ಟೀರಿಂಗ್ ಬೇರಿಂಗಿನ ಬಿಗಿ, ಹಿಂದಿನ ಚಕ್ರದ ನೇರ ಇವನ್ನು ಈ ಅನುಕ್ರಮದಲ್ಲೇ ನೋಡಿ. ಹಿಂಭಾಗವನ್ನು ಬಹಳ ತಗ್ಗಿಸಿದ್ದರೆ ಫೋರ್ಕಿನ ಓರೆ ಹೆಚ್ಚಾಗಿ, ನಿಧಾನವಾಗಿ ಹೋಗುವಾಗ ಹ್ಯಾಂಡಲ್ ತಾನಾಗಿ ಒಂದು ಕಡೆ ಬೀಳುತ್ತದೆ. ಅದು ಸಡಿಲವಾದ ಭಾಗದ ದೋಷವಲ್ಲ, ನೀವು ಬದಲಿಸಿದ ಆಕಾರದ ಗುಣ.

ಹಿಂಭಾಗ

ಗಿಡ್ಡ ಶಾಕ್ ಅಬ್ಸಾರ್ಬರ್ ಹಾಕಿ, ಮಡ್‌ಗಾರ್ಡನ್ನು ಟೈರಿಗೆ ಅಂಟಿದಂತೆ ಕೂರಿಸುವುದೇ ಈ ಶೈಲಿಯ ಸೊಗಸು. ಮಡ್‌ಗಾರ್ಡ್ ಸ್ವಿಂಗ್ ಆರ್ಮಿಗೆ (ಹಿಂದಿನ ಚಕ್ರ ಹಿಡಿದು ಏರಿಳಿಯುವ ತೋಳು) ಕೂತಿದ್ದರೆ ಚಕ್ರದ ಜೊತೆಗೇ ಏರಿಳಿಯುತ್ತದೆ, ತೊಂದರೆ ಕಡಿಮೆ. ಫ್ರೇಮಿಗೆ ಕೂತಿದ್ದರೆ ಚಕ್ರವೇ ಮೇಲೆದ್ದು ಅದಕ್ಕೆ ಬಡಿಯುತ್ತದೆ. ಸುಟ್ಟ ರಬ್ಬರಿನ ವಾಸನೆ, ಮಡ್‌ಗಾರ್ಡಿನ ಒಳಮೈಯಲ್ಲಿ ಹೊಳೆಯುವ ಪಟ್ಟಿ, ಟೈರಿನ ನಡುವೆ ಸವೆದ ಗೆರೆ ಇದರ ಗುರುತು. ದೀಪದ ವೈರು ಮಡ್‌ಗಾರ್ಡಿನ ಒಳಗೇ ಹಾದಿದ್ದರೆ ಟೈರು ಅದನ್ನೂ ಕಿತ್ತಿರುತ್ತದೆ. ಎರಡೂ ಶಾಕುಗಳನ್ನು ಬಿಚ್ಚಿ, ಚಕ್ರವನ್ನು ಅದರ ಪೂರ್ತಿ ಏರಿಕೆಯವರೆಗೆ ಕೈಯಿಂದ ಎತ್ತಿ ಅಂತರ ಅಳೆಯಿರಿ. ವೇಗದಲ್ಲಿ ಟೈರು ಸ್ವಲ್ಪ ಹಿಗ್ಗುತ್ತದೆ ಎಂಬುದೂ ಲೆಕ್ಕದಲ್ಲಿರಲಿ.

ಅದೇ ಹೊತ್ತಿಗೆ ಚೈನನ್ನೂ ನೋಡಿ. ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮಿನ ಕೀಲು, ಹಿಂದಿನ ಆಕ್ಸೆಲ್ ಒಂದೇ ಗೆರೆಗೆ ಬಂದಾಗ ಚೈನು ಅತಿ ಬಿಗಿಯಾಗಿರುತ್ತದೆ. ತಗ್ಗಿಸಿದ ಗಾಡಿಯಲ್ಲಿ ಹಳೆಯ ಅಳತೆಗೆ ಸಡಿಲ ಇಟ್ಟರೆ ಅದು ತಪ್ಪಾಗುತ್ತದೆ. ಆ ಗೆರೆಯಲ್ಲಿ ಸಣ್ಣ ಸಡಿಲ ಉಳಿಯುವಂತೆ ಹೊಂದಿಸಿ, ಶಾಕು ಹಾಕಿ, ಸೈಡ್ ಸ್ಟ್ಯಾಂಡಿನ ಮೇಲೆ ನಿಂತಾಗ ಎಷ್ಟು ಸಡಿಲ ಕಾಣುತ್ತದೆಂದು ಅಳೆದು ಬರೆದಿಟ್ಟುಕೊಳ್ಳಿ. ನಿಮ್ಮ ಗಾಡಿಗೆ ಇನ್ನು ಮುಂದೆ ಅದೇ ಅಳತೆ.

ಮಡ್‌ಗಾರ್ಡಿನ ಬೋಲ್ಟುಗಳ ಸುತ್ತ ಕೂದಲೆಳೆಯಂಥ ಬಿರುಕು ಕಂಡರೆ ಅದರ ಮೇಲೆಯೇ ವೆಲ್ಡಿಂಗ್ ಮಾಡಿಸಿ ಸುಮ್ಮನಾಗಬೇಡಿ. ಉದ್ದದ ಮಡ್‌ಗಾರ್ಡ್ ನಾಲ್ಕು ಕಡೆ ಆಸರೆ ಪಡೆದಿತ್ತು, ಮೋಟಾದದ್ದು ಎರಡೇ ಕಡೆ ಜೋತಿದೆ. ಬಿರುಕಿನ ತುದಿಯಲ್ಲಿ ಸಣ್ಣ ತೂತು ಕೊರೆದು, ಆಮೇಲೆ ಬೆಸೆದು, ಒಳಗಿನಿಂದ ಅಂಗೈಯಗಲದ ತಗಡು ಸೇರಿಸಿ ಭಾರ ಹಂಚಬೇಕು.

ದೋಷ ಸರಿಹೋಯಿತೆಂದು ಕಂಡ ಮೇಲೆ ಹತ್ತು ಕಿಲೋಮೀಟರ್ ಓಡಿಸಿ ಬನ್ನಿ, ಬೋಲ್ಟುಗಳಿಗೆ ಬೇಕಾದ ಬಿಗಿಯನ್ನು ಸರ್ವಿಸ್ ಕೈಪಿಡಿಯ ಪ್ರಕಾರ ಇನ್ನೊಮ್ಮೆ ನೋಡಿ. ನಂತರ ಪ್ರತಿ ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ಬಿಳಿ ಪೇಂಟ್ ಪೆನ್ನಿನಲ್ಲಿ ಒಂದು ತೆಳು ಗೆರೆ ಎಳೆಯಿರಿ: ಆಕ್ಸೆಲ್, ಹ್ಯಾಂಡಲ್ ಹಿಡಿಕೆ, ಸೀಟಿನ ಸ್ಪ್ರಿಂಗು, ಮಡ್‌ಗಾರ್ಡ್, ಸೈಲೆನ್ಸರ್. 100 ಕಿಲೋಮೀಟರ್ ಆದ ಮೇಲೆ ಟಾರ್ಚ್ ಹಿಡಿದು ಒಂದು ಸುತ್ತು ಬನ್ನಿ. ಗೆರೆ ಮುರಿದು ಎರಡಾಗಿ ಕಂಡ ಬೋಲ್ಟು ತಿರುಗಿದೆ. ಅದನ್ನು ಬಿಚ್ಚಿ, ಎಳೆಗಳನ್ನು ಒರೆಸಿ, ಸಡಿಲಾಗದಂತೆ ಹಿಡಿಯುವ ಅಂಟಾದ ಥ್ರೆಡ್‌ಲಾಕರ್ ಹಾಕಿ ಬಿಗಿದು, ಹಳೆಯ ಗೆರೆ ಅಳಿಸಿ ಹೊಸದು ಎಳೆಯಿರಿ.